ಗೋಣಿಚೀಲ ಹಿಡಿದು ಕತ್ತಲಲ್ಲಿ ನಿಂತ ಹೊಸಬ

(ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ, ಮಕ್ಕಳ ಬೇಸಿಗೆ ಶಿಬಿರಗಳು ಶುರುವಾಗುವ ಮುನ್ನ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇನ್ನು ಕೆಲವೇ ವಾರಗಳಲ್ಲಿ ನಿಮ್ಮಲ್ಲಿ ಹಲವರ ಮಕ್ಕಳು ಶಿಬಿರಕ್ಕೆ ಹೊರಡುತ್ತಾರೆ. ಸ್ಲೀಪಿಂಗ್ ಬ್ಯಾಗ್, ಟಾರ್ಚ್, ಸೊಳ್ಳೆ ಔಷಧ, ಮಳೆಯಂಗಿ, ಹೀಗೆ ಶಿಬಿರದವರು ಕಳಿಸಿದ ಪಟ್ಟಿಯಲ್ಲಿ ಇರುವುದನ್ನೆಲ್ಲ ನೀವು ತಂದಿಟ್ಟಿರುತ್ತೀರಿ. ಆ ಪಟ್ಟಿಯಲ್ಲಿ ಇಲ್ಲದ ಒಂದು ಸಂಗತಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಮೊದಲ ರಾತ್ರಿಯೋ ಎರಡನೆಯ ರಾತ್ರಿಯೋ ಎಲ್ಲರೂ ಬೆಂಕಿಯ ಸುತ್ತ ಕೂತಿರುವಾಗ, ದೊಡ್ಡ ಹುಡುಗನೊಬ್ಬ ತೀರಾ ಸಹಜವಾಗಿ ನಿಮ್ಮ ಮಗನನ್ನೋ ಮಗಳನ್ನೋ ಕೇಳುತ್ತಾನೆ: "ನೀನು ಯಾವತ್ತಾದರೂ ಸ್ನೈಪ್ ಬೇಟೆಗೆ ಹೋಗಿದ್ದೀಯಾ?"

ಇಲ್ಲ ಅಂದರೆ ಮುಗಿಯಿತು. ಅಲ್ಲಿದ್ದವರೆಲ್ಲ ಉತ್ಸಾಹದಿಂದ ಎದ್ದು ನಿಲ್ಲುತ್ತಾರೆ. ಮಗುವಿನ ಕೈಗೆ ಒಂದು ಗೋಣಿಚೀಲವೋ ದಿಂಬಿನ ಕವರೋ ಬರುತ್ತದೆ. ಕಾಡಿನಂಚಿನ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ, ಚೀಲದ ಬಾಯಿ ಅಗಲಿಸಿ ಹಿಡಿದು ಬಗ್ಗಿ ನಿಲ್ಲು ಅನ್ನುತ್ತಾರೆ. ಎರಡು ಕಲ್ಲನ್ನು ಒಂದಕ್ಕೊಂದು ತಟ್ಟಬೇಕು, ಇಲ್ಲವೇ ಬಾಯಿಂದ ವಿಚಿತ್ರವಾದ ಒಂದು ಸದ್ದು ಹೊರಡಿಸುತ್ತಿರಬೇಕು. ದೀಪ ಹಚ್ಚಬಾರದು, ಹಕ್ಕಿ ಹೆದರುತ್ತದೆ. "ನಾವು ಆ ಕಡೆಯಿಂದ ಗದ್ದಲ ಮಾಡಿ ಓಡಿಸಿಕೊಂಡು ಬರುತ್ತೇವೆ, ಅದು ನೇರವಾಗಿ ನಿನ್ನ ಚೀಲದೊಳಕ್ಕೇ ನುಗ್ಗುತ್ತದೆ" ಎಂದು ಹೇಳಿ ಉಳಿದವರು ಕತ್ತಲಲ್ಲಿ ಕರಗುತ್ತಾರೆ. ಸ್ವಲ್ಪ ಹೊತ್ತು ಅವರ ಕೂಗು ಕೇಳುತ್ತದೆ, ಆಮೇಲೆ ಅದೂ ನಿಲ್ಲುತ್ತದೆ. ಅವರೆಲ್ಲ ಬೆಂಕಿಯ ಬಳಿಗೆ ವಾಪಸಾಗಿದ್ದಾರೆ. ಚೀಲ ಹಿಡಿದ ಹೊಸಬ ಇನ್ನೂ ಕಲ್ಲು ತಟ್ಟುತ್ತಾ ನಿಂತಿದ್ದಾನೆ.

ಅಮೆರಿಕದಲ್ಲಿ ಈ ಕೀಟಲೆಯ ದಾಖಲೆ 1840ರ ದಶಕದಿಂದ ಸಿಗುತ್ತದೆ. ಅಜ್ಜ ಅಪ್ಪನಿಗೆ ಮಾಡಿದ್ದು, ಅಪ್ಪ ತಮ್ಮಂದಿರಿಗೆ ಮಾಡಿದ್ದು, ಹೀಗೆ ತಲೆಮಾರುಗಳಿಂದ ನಡೆದುಬಂದಿದೆ. ಇಲ್ಲಿ ಹುಟ್ಟಿ ಬೆಳೆದವರ ಮನೆಗಳಲ್ಲಿ ಮಕ್ಕಳು ಶಿಬಿರಕ್ಕೆ ಹೋಗುವ ಮೊದಲೇ ಆ ಹಕ್ಕಿಯ ಹೆಸರು ಕೇಳಿರುತ್ತಾರೆ. ಊಟದ ಮೇಜಿನಲ್ಲಿ ಯಾವುದೋ ಚಿಕ್ಕಪ್ಪ ತಾನು ಬೇಸ್ತು ಬಿದ್ದ ಕತೆ ಹೇಳಿ ನಗಿಸಿರುತ್ತಾನೆ. ನಮ್ಮ ಮನೆಗಳಲ್ಲಿ ಆ ಚಿಕ್ಕಪ್ಪ ಇಲ್ಲ. ಹಾಸನದಲ್ಲೋ ಧಾರವಾಡದಲ್ಲೋ ಬೆಳೆದ ಅಪ್ಪ ಅಮ್ಮಂದಿರಿಗೆ ಇದು ಗೊತ್ತಿರುವುದಾದರೂ ಹೇಗೆ? ಹಾಗಾಗಿ ನಮ್ಮ ಮಕ್ಕಳು ಶಿಬಿರಕ್ಕೂ ಹೊಸಬರು, ಶಿಬಿರದ ಕತೆಗಳಿಗೂ ಹೊಸಬರು. ನಾನು ಈ ವಿಷಯವನ್ನು ಆರಿಸಿಕೊಂಡಿದ್ದು ಇದೇ ಕಾರಣಕ್ಕೆ.

ಮೊದಲು ಹಕ್ಕಿಯ ಮಾತು. ಸ್ನೈಪ್ ಎನ್ನುವುದು ಕಟ್ಟುಕತೆ ಎಂದು ಇಲ್ಲಿನ ಎಷ್ಟೋ ಜನ ನಂಬಿದ್ದಾರೆ. ಬೇಸ್ತು ಬಿದ್ದವರೇ ಮುಂದೆ ದೊಡ್ಡವರಾಗಿ "ಅಂಥ ಹಕ್ಕಿಯೇ ಇಲ್ಲ" ಅನ್ನುತ್ತಾರೆ. ಆದರೆ ಹಕ್ಕಿ ಇದೆ. ಅಮೆರಿಕದಲ್ಲಿರುವುದು ವಿಲ್ಸನ್ಸ್ ಸ್ನೈಪ್. ಜೌಗು ನೆಲ, ಒದ್ದೆ ಹುಲ್ಲುಗಾವಲು ಅದರ ಮನೆ. ತೂಕ 100 ಗ್ರಾಂ ಆಸುಪಾಸು, ಕೊಕ್ಕು ಮಾತ್ರ ಸುಮಾರು ಆರೇಳು ಸೆಂಟಿಮೀಟರ್. ಆ ಕೊಕ್ಕನ್ನು ಪೂರ್ತಿ ಕೆಸರಿಗೆ ಇಳಿಸಿ, ತುದಿಯನ್ನಷ್ಟೇ ತೆರೆದು ಹುಳುಗಳನ್ನು ಹೆಕ್ಕುತ್ತದೆ. ಕಣ್ಣುಗಳು ತಲೆಯ ಹಿಂಭಾಗಕ್ಕೆ ಸರಿದಿರುವುದರಿಂದ ಕೊಕ್ಕು ಕೆಸರಲ್ಲಿದ್ದರೂ ಬೆನ್ನ ಹಿಂದೆ ಬರುವವರು ಅದಕ್ಕೆ ಕಾಣುತ್ತಾರೆ. ಒಣಹುಲ್ಲಿನ ಬಣ್ಣದ ಮೈ, ಕಾಲ ಬುಡದಲ್ಲಿದ್ದರೂ ನಮಗೆ ಕಾಣುವುದಿಲ್ಲ. ತುಳಿದೇಬಿಟ್ಟೆವು ಅನ್ನುವಷ್ಟರಲ್ಲಿ ಕರ್ಕಶ ದನಿಯಲ್ಲಿ ಕೂಗಿ, ಎಡಕ್ಕೂ ಬಲಕ್ಕೂ ಹೊರಳುತ್ತಾ ಹಾರಿಹೋಗುತ್ತದೆ. ಗುರಿಯಿಟ್ಟು ಹೊಡೆಯುವುದು ಪಳಗಿದ ಬೇಟೆಗಾರರಿಗೂ ಕಷ್ಟ. ಚೀಲದಲ್ಲಿ ಹಿಡಿಯುವ ಮಾತೆಲ್ಲಿ ಬಂತು!

ಇದರ ನಿಜವಾದ ಬೇಟೆಗೆ ಕಾನೂನಿನ ಚೌಕಟ್ಟೂ ಇದೆ. ಕೇಂದ್ರ ಸರ್ಕಾರದ ನಿಯಮದಂತೆ ಒಬ್ಬರು ದಿನಕ್ಕೆ 8ಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ವಲಸೆ ಹಕ್ಕಿಗಳ ಬೇಟೆ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಅಂದರೆ ರಾತ್ರಿ ಸ್ನೈಪ್ ಬೇಟೆಗೆ ಕರೆಯುವವನ ಮಾತಿನಲ್ಲೇ ಗುಟ್ಟು ಬಿಟ್ಟುಕೊಡುವ ಎಳೆ ಇದೆ. ಆ ನಿಯಮ ತಿಳಿದ ಮಗು ತಕ್ಷಣ ನಕ್ಕುಬಿಡುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ವಸಂತದಲ್ಲಿ, ಬೇಸಿಗೆಯ ಮೊದಲ ದಿನಗಳಲ್ಲಿ, ಉತ್ತರದ ರಾಜ್ಯಗಳ ಜೌಗುಗಳ ಮೇಲೆ ಮುಸ್ಸಂಜೆ ಕಳೆದ ಮೇಲೆ "ಹುಹುಹುಹು" ಎಂದು ನಡುಗುವ ಒಂದು ಸದ್ದು ಕೇಳುತ್ತದೆ. ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುವುದಿಲ್ಲ. ಅದು ಸ್ನೈಪ್‌ನದು, ಆದರೆ ಗಂಟಲಿನದಲ್ಲ. ಗಂಡು ಹಕ್ಕಿ ಎತ್ತರಕ್ಕೇರಿ ಕೆಳಕ್ಕೆ ಧುಮುಕುವಾಗ ಬಾಲದ ಅಂಚಿನ ಗರಿಗಳ ಮೂಲಕ ಗಾಳಿ ನುಗ್ಗಿ ಹೊರಡುವ ಸದ್ದು. ಅಂಥ ಜಾಗದಲ್ಲಿ ಚೀಲ ಹಿಡಿದು ನಿಂತ ಹುಡುಗನ ತಲೆಯ ಮೇಲೇ, ಅವನು ಕಾಯುತ್ತಿರುವ ಹಕ್ಕಿ ಸುತ್ತುತ್ತಿರಬಹುದು. ಅವನನ್ನು ಅಲ್ಲಿ ನಿಲ್ಲಿಸಿ ಹೋದವರಿಗೂ ಅದು ಗೊತ್ತಿರಲಿಕ್ಕಿಲ್ಲ.

ಈ ಹಕ್ಕಿಯ ಹತ್ತಿರದ ಬಂಧುಗಳು ನಮ್ಮೂರಿನವೂ ಹೌದು. ಚಳಿಗಾಲದಲ್ಲಿ ಕರ್ನಾಟಕದ ಗದ್ದೆ, ಕೆರೆಯಂಗಳಗಳಿಗೆ ಉತ್ತರದಿಂದ ಕಾಮನ್ ಸ್ನೈಪ್, ಪಿನ್‌ಟೇಲ್ ಸ್ನೈಪ್ ಎರಡೂ ಬರುತ್ತವೆ. ನಿಮ್ಮಲ್ಲಿ ಗದ್ದೆಯ ಬದುವಿನ ಮೇಲೆ ನಡೆದವರು ಇದ್ದರೆ, ಕಾಲ ಕೆಳಗಿಂದ ಫಕ್ಕನೆ ಎದ್ದು ಹಾರಿದ ಉದ್ದ ಕೊಕ್ಕಿನ ಹಕ್ಕಿಯನ್ನು ನೋಡಿರಬಹುದು. ಮಕ್ಕಳಿಗೆ ಇದನ್ನು ಹೇಳಿ. ಇಲ್ಲಿನ ಮಕ್ಕಳು ಸುಳ್ಳು ಅಂದುಕೊಂಡ ಹಕ್ಕಿಯನ್ನು ಅವರ ಅಜ್ಜಿ ತಾತ ಗದ್ದೆಯಲ್ಲಿ ಕಂಡಿದ್ದಾರೆ.

ಈ ಚೀಲದ ಕತೆ ಅಮೆರಿಕದ್ದು ಮಾತ್ರವಲ್ಲ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ 'ದಾಹು' ಎಂಬ ಮೇಕೆಯಂಥ ಪ್ರಾಣಿಯ ಕತೆ ಇದೆ. ಇಳಿಜಾರಿನಲ್ಲಿ ಸಲೀಸಾಗಿ ನಡೆಯಲೆಂದು ಅದರ ಒಂದು ಪಕ್ಕದ ಕಾಲುಗಳು ಗಿಡ್ಡ, ಇನ್ನೊಂದು ಪಕ್ಕದವು ಉದ್ದ. ಹೊಸಬನನ್ನು ಬೆಟ್ಟದ ಬುಡದಲ್ಲಿ ಚೀಲ ಕೊಟ್ಟು ನಿಲ್ಲಿಸುತ್ತಾರೆ. ಮೇಲೆ ಒಬ್ಬ ದಾಹುವನ್ನು ಹಿಂದಿನಿಂದ ಕರೆಯುತ್ತಾನಂತೆ, ಅದು ತಿರುಗಿದ ಕೂಡಲೇ ಆಯ ತಪ್ಪಿ ಉರುಳಿ ಚೀಲಕ್ಕೆ ಬೀಳುತ್ತದಂತೆ. ಸ್ಪೇನಿನಲ್ಲಿ 'ಗಮುಸಿನೊ' ಎಂಬ ಇಲ್ಲದ ಪ್ರಾಣಿಯನ್ನು ಹಿಡಿಯಲು ಚೀಲ ಕೊಟ್ಟು ಕಳಿಸುತ್ತಾರೆ. ಜರ್ಮನಿಯ ಪಲಾಟಿನೇಟ್ ಸೀಮೆಯಲ್ಲಿ 'ಎಲ್ವೆಟ್ರಿಚ್' ಎಂಬ ಕೋಳಿಯಂಥ ವಿಚಿತ್ರ ಜೀವಿ. ಅದಕ್ಕೆ ಚೀಲದ ಜೊತೆ ಲಾಟೀನೂ ಬೇಕು. ಅಲ್ಲಿನ ನೊಯ್‌ಶ್ಟಾಟ್ ಪಟ್ಟಣದಲ್ಲಿ ಆ ಜೀವಿಗಳ ಕಂಚಿನ ಪ್ರತಿಮೆಗಳಿರುವ ಕಾರಂಜಿಯನ್ನೇ ಕಟ್ಟಿದ್ದಾರೆ. ಪಲಾಟಿನೇಟಿನಿಂದ 18ನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ರೈತರು ಬೀಜ, ಬೈಬಲ್ಲುಗಳ ಜೊತೆ ಈ ಬೇಟೆಯನ್ನೂ ತಂದರು. ಅವರ ವಂಶಸ್ಥರು ಹೊಸಬರಿಗೆ ಅದೇ ಹೆಸರಿನ ಬೇಟೆ ಆಡಿಸುತ್ತಾರೆ. ವಲಸೆ ಬಂದವರು ತಮ್ಮ ತಮಾಷೆಯನ್ನೂ ಕಟ್ಟಿಕೊಂಡು ಬರುತ್ತಾರೆ ಎನ್ನುವುದು ನಮಗೆ, ಈ ಸಭೆಯಲ್ಲಿರುವವರಿಗೆ, ಚೆನ್ನಾಗಿ ಅರ್ಥವಾಗುವ ವಿಷಯ.

ಆಸ್ಟ್ರೇಲಿಯಾದವರು ಮರದಿಂದ ತಲೆಯ ಮೇಲೆ ಬೀಳುವ 'ಡ್ರಾಪ್ ಬೇರ್' ಎಂಬ ಕಲ್ಪನೆಯ ಪ್ರಾಣಿಯ ಕತೆ ಹೇಳಿ ಪ್ರವಾಸಿಗರನ್ನು ಹೆದರಿಸುತ್ತಾರೆ. ಅದರ ಕಾಟ ತಪ್ಪಿಸಲು ಬ್ರೆಡ್ಡಿಗೆ ಸವರುವ ವೆಜಿಮೈಟನ್ನು ಕಿವಿಯ ಹಿಂದೆ ಹಚ್ಚಿಕೊಳ್ಳಬೇಕಂತೆ. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ತನ್ನ ಪ್ರಾಣಿಗಳ ಮಾಹಿತಿಯ ನಡುವೆ ಅದಕ್ಕೂ ಒಂದು ಲ್ಯಾಟಿನ್ ಹೆಸರು ಕೊಟ್ಟು ಜಾಗ ಮಾಡಿದೆ.

ಈ ಕಲೆ ಅಮೆರಿಕದಲ್ಲಿ ಹದಗೊಂಡಿದ್ದು ಮರಕಡಿಯುವವರ ಶಿಬಿರಗಳಲ್ಲಿ. 19ನೆಯ ಶತಮಾನದ ಕೊನೆ, 20ನೆಯದರ ಆರಂಭ. ಮಿಷಿಗನ್, ವಿಸ್ಕಾನ್ಸಿನ್, ಮಿನ್ನೆಸೋಟಾಗಳ ಪೈನ್ ಕಾಡು. ಚಳಿಗಾಲವಿಡೀ ನೂರಾರು ಗಂಡಸರು ಊರಿನಿಂದ ದೂರ, ಹಿಮದ ನಡುವೆ, ಮರದ ಕೊಟ್ಟಿಗೆಯಂಥ ಮನೆಯಲ್ಲಿ ಸಾಲುಸಾಲಾಗಿ ಮಲಗುತ್ತಿದ್ದರು. ಹಲವು ದೇಶಗಳಿಂದ ಬಂದವರು, ನಾರ್ವೆ, ಫಿನ್ಲೆಂಡ್, ಐರ್ಲೆಂಡ್, ಕೆನಡಾ. ಕೆಲಸ ಅಪಾಯದ್ದು. ರಾತ್ರಿ ಒಲೆಯ ಸುತ್ತ ಕೂತಾಗ ಬುರುಡೆ ಕತೆಗಳು ಶುರು.

ಬುರುಡೆ ಬಿಡುವ ವಿಧಾನವನ್ನು ಗಮನಿಸಿ. ಅವರು ಹೊಸಬನಿಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ. ಇಬ್ಬರು ಹಳಬರು ತಮ್ಮತಮ್ಮಲ್ಲೇ ಜಗಳ ತೆಗೆಯುತ್ತಿದ್ದರು. ಅದು ಬಂದದ್ದು ಹೊಳೆಯ ಆಚೆ ದಡದಲ್ಲಿ ಎಂದು ಒಬ್ಬ, ಅಲ್ಲ ಈಚೆ ದಡದಲ್ಲೇ ಎಂದು ಇನ್ನೊಬ್ಬ. ಮೂರನೆಯವನು ತಗ್ಗಿದ ದನಿಯಲ್ಲಿ, "ಬೇಡ ಬಿಡಿ, ಹೊಸ ಹುಡುಗ ಇದ್ದಾನೆ" ಎನ್ನುತ್ತಿದ್ದ. ಪ್ರಾಣಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಯಾವ ದಡ ಎನ್ನುವುದಷ್ಟೇ ತಕರಾರು. ಕಿವಿಗೆ ಹೂವಿಡುವುದರಲ್ಲಿ ಇದಕ್ಕಿಂತ ಪಳಗಿದ ಕೈ ನಾನು ಕಂಡಿಲ್ಲ.

ಆ ಪ್ರಾಣಿಗಳೂ ಎಂಥವು! 'ಹೈಡ್‌ಬಿಹೈಂಡ್' ಸದಾ ನಿಮ್ಮ ಬೆನ್ನ ಹಿಂದೆ ಇರುತ್ತದೆ, ಎಷ್ಟು ಬೇಗ ತಿರುಗಿದರೂ ಮರದ ಮರೆಗೆ ಸರಿದಿರುತ್ತದೆ. ಕೆಲಸಕ್ಕೆ ಹೋಗಿ ವಾಪಸು ಬಾರದವರನ್ನು ಹೊತ್ತೊಯ್ದದ್ದು ಅದೇ. 'ಸ್ಪ್ಲಿಂಟರ್ ಕ್ಯಾಟ್' ರಾತ್ರಿಯಲ್ಲಿ ತಲೆಯಿಂದ ಗುದ್ದಿ ಮರಗಳನ್ನು ಸೀಳಿಹಾಕುತ್ತದೆ. ಸಿಡಿಲಿಗೆ, ಬಿರುಗಾಳಿಗೆ ಸಿಕ್ಕಿ ಸೀಳಿದ ಮರಗಳು ಕಣ್ಣ ಮುಂದೆಯೇ ಇದ್ದವಲ್ಲ, ಸಾಕ್ಷಿಗೆ ಬೇರೇನು ಬೇಕು? ಕೊಡಲಿ ಕಾವು ಮಾತ್ರ ತಿನ್ನುವ ಒಂದು ನಾಯಿಯೂ ಇತ್ತು, ರಾತ್ರಿ ಹೊರಗೆ ಬಿಟ್ಟ ಕೊಡಲಿ ಬೆಳಿಗ್ಗೆ ಕಾಣದಿದ್ದರೆ ಅದರ ಕೆಲಸ. ನನ್ನ ಅಭಿಪ್ರಾಯದಲ್ಲಿ ಇವೆಲ್ಲ ಬರೀ ಹೆದರಿಸುವ ಕತೆಗಳಲ್ಲ. ಒಬ್ಬನೇ ದೂರ ಹೋಗಬೇಡ, ಅರ್ಧ ಸೀಳಿದ ಮರದ ಕೆಳಗೆ ನಿಲ್ಲಬೇಡ, ಹತಾರವನ್ನು ಒಳಗಿಡು ಎಂಬ ಮೂರೂ ಎಚ್ಚರಿಕೆ ಈ ಮೂರು ಪ್ರಾಣಿಗಳಲ್ಲಿವೆ. ಕಾಡು ಬಲ್ಲವನು ಮಾತ್ರ ಇಂಥ ಸುಳ್ಳು ಕಟ್ಟಬಲ್ಲ.

ಇವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಪೆನ್ಸಿಲ್ವೇನಿಯಾದ ಹೆಮ್ಲಾಕ್ ಕಾಡುಗಳ 'ಸ್ಕ್ವಾಂಕ್'. ಮೈತುಂಬ ನರುಲಿ, ಅಳತೆಗೆ ಹೊಂದದ ತೊಗಲು. ತನ್ನ ರೂಪಕ್ಕೆ ತಾನೇ ನಾಚಿ ಸದಾ ಅಳುತ್ತಿರುತ್ತದೆ. ಕಣ್ಣೀರಿನ ಜಾಡು ಹಿಡಿದು ಹೋದರೆ ಸಿಗುತ್ತದೆ. ಒಬ್ಬ ಅದರ ಅಳುವನ್ನೇ ಅನುಕರಿಸಿ ಅದನ್ನು ಚೀಲದೊಳಕ್ಕೆ ಹಾರಿಸಿಕೊಂಡು ಹೆಗಲಿಗೇರಿಸಿ ಹೊರಟನಂತೆ. ದಾರಿಯಲ್ಲಿ ಚೀಲ ಇದ್ದಕ್ಕಿದ್ದಂತೆ ಹಗುರಾಯಿತು. ಬಿಚ್ಚಿ ನೋಡಿದರೆ ಒಳಗೆ ಕಣ್ಣೀರು, ಗುಳ್ಳೆ, ಅಷ್ಟೇ. ಮುಂದೆ ಮಿನ್ನೆಸೋಟಾ ರಾಜ್ಯದ ಮೊದಲ ಅರಣ್ಯಾಧಿಕಾರಿಯಾದ ವಿಲಿಯಂ ಟಿ. ಕಾಕ್ಸ್ 1910ರಲ್ಲಿ ಈ ಪ್ರಾಣಿಗಳ ಬಗ್ಗೆ ಪುಸ್ತಕ ಮಾಡಿದರು, ಅದರಲ್ಲಿ ಒಂದೊಂದಕ್ಕೂ ಲ್ಯಾಟಿನ್ ಹೆಸರಿದೆ. ಕಾಡುಗಳು ಕರಗುತ್ತಿದ್ದ ಕಾಲವದು. ಕಾಡಿನ ಜೊತೆ ಕತೆಗಳೂ ಹೋಗಿಬಿಡಬಾರದೆಂಬ ಕಾಳಜಿಯಿಂದ ಒಬ್ಬ ಅರಣ್ಯ ತಜ್ಞ ಈ ಕೆಲಸ ಮಾಡಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ.

ವಿಸ್ಕಾನ್ಸಿನ್‌ನ ರೈನ್‌ಲ್ಯಾಂಡರ್ ಎಂಬ ಊರಿನ ಯೂಜೀನ್ ಶೆಪರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೊಂಬು, ಕೋರೆ, ಬೆನ್ನುದ್ದಕ್ಕೂ ಮುಳ್ಳುಗಳಿದ್ದ 'ಹೊಡಾಗ್' ಎಂಬ ಪ್ರಾಣಿಯನ್ನು ಕಂಡೆ ಎಂದು 1893ರಲ್ಲಿ ಸುದ್ದಿ ಹಬ್ಬಿಸಿದ. ಅದರ ಆಹಾರ ಬಿಳಿ ಬುಲ್‌ಡಾಗ್, ಅದೂ ಭಾನುವಾರ ಮಾತ್ರ. 1896ರಲ್ಲಿ ಜೀವಂತ ಹಿಡಿದೆ ಎಂದು ಜಾತ್ರೆಯಲ್ಲಿ ಮಬ್ಬು ಡೇರೆಯೊಳಗೆ ಕಾಸು ಪಡೆದು ತೋರಿಸಿದ. ತಂತಿ ಎಳೆದರೆ ಅದು ಅಲುಗುತ್ತಿತ್ತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯವರು ಪರೀಕ್ಷೆಗೆ ಬರುತ್ತಾರೆಂದು ತಿಳಿದ ಮೇಲೆ ನಿಜ ಒಪ್ಪಿಕೊಂಡ. ಊರಿನವರು ಅವನ ಮೇಲೆ ಸಿಟ್ಟಾಗಲಿಲ್ಲ. ಇವತ್ತು ಆ ಊರಿನ ಹೈಸ್ಕೂಲಿನ ಲಾಂಛನ ಹೊಡಾಗ್.

ಈಗ ಜಾಕಲೋಪ್. ಜಿಂಕೆಯ ಕೊಂಬಿರುವ ಮೊಲ. ಪಶ್ಚಿಮದ ಹೆದ್ದಾರಿಗಳ ಹೋಟೆಲುಗಳಲ್ಲಿ ಗೋಡೆಯ ಮೇಲೆ ನೋಡಿರುತ್ತೀರಿ. 1930ರ ದಶಕದಲ್ಲಿ ವಯೋಮಿಂಗ್ ರಾಜ್ಯದ ಡಗ್ಲಸ್ ಊರಿನ ಹೆರಿಕ್ ಸೋದರರು ಬೇಟೆಯಿಂದ ಬಂದು ಸತ್ತ ಮೊಲವನ್ನು ನೆಲಕ್ಕೆಸೆದರು. ಅದು ಜಾರಿ ಅಲ್ಲಿದ್ದ ಜಿಂಕೆ ಕೊಂಬಿನ ಪಕ್ಕ ನಿಂತಿತು. ಪ್ರಾಣಿಗಳ ತೊಗಲು ತುಂಬಿಡುವ ವಿದ್ಯೆ ಬಲ್ಲವರಾದ್ದರಿಂದ ಹಾಗೆಯೇ ಸೇರಿಸಿಬಿಟ್ಟರು. ಮೊದಲನೆಯದು 10 ಡಾಲರಿಗೆ ಮಾರಾಟವಾಗಿ ಊರಿನ ಹೋಟೆಲಿನ ಗೋಡೆ ಸೇರಿತು. ಆಮೇಲೆ ಊರಿನವರು ಜಾಕಲೋಪ್ ಬೇಟೆಗೆ ಪರವಾನಗಿಯನ್ನೂ ಮುದ್ರಿಸಿ ಪ್ರವಾಸಿಗರಿಗೆ ಕೊಡತೊಡಗಿದರು. ಬೇಟೆಗೆ ಅನುಮತಿ ಇರುವುದು ಒಂದೇ ದಿನ: ಜೂನ್ 31.

ಆದರೆ ಕೊಂಬಿನ ಮೊಲಗಳು ನಿಜವಾಗಿಯೂ ಇದ್ದವು. ಅಯೋವಾದಲ್ಲಿ ಹುಟ್ಟಿದ ರಿಚರ್ಡ್ ಶೋಪ್ ಎಂಬ ವಿಜ್ಞಾನಿ ರಾಕ್‌ಫೆಲರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದರು. ತಲೆ, ಮುಖದ ಮೇಲೆ ಕೊಂಬಿನಂತೆ ಬೆಳೆದ ಮೊಲಗಳು ಸಿಗುತ್ತವೆ ಎಂಬ ಮಾತು ಬೇಟೆಗಾರರಿಂದ ಅವರ ಕಿವಿಗೆ ಬಿತ್ತು. ಬುರುಡೆ ಎಂದು ತಳ್ಳಿಹಾಕದೆ ಆ ಬೆಳವಣಿಗೆಗಳನ್ನು ತರಿಸಿಕೊಂಡರು. ಅರೆದು, ಬ್ಯಾಕ್ಟೀರಿಯಾ ಕೂಡ ದಾಟಲಾಗದ ಸೋಸುಕದಲ್ಲಿ ಸೋಸಿ, ಆ ದ್ರವವನ್ನು ಬೇರೆ ಮೊಲಗಳ ಚರ್ಮಕ್ಕೆ ಹಚ್ಚಿದರು. ಅವಕ್ಕೂ ಕೊಂಬು ಮೂಡಿತು. ಕಾರಣ ಒಂದು ವೈರಸ್ ಎಂದು 1933ರಲ್ಲಿ ಪ್ರಕಟಿಸಿದರು. ಆ ವೈರಸ್ಸನ್ನು ಪಡೆದುಕೊಂಡ ಅದೇ ಸಂಸ್ಥೆಯ ವಿಜ್ಞಾನಿ ಪೇಟನ್ ರೌಸ್, ಸಾಕುಮೊಲಗಳಲ್ಲಿ ಇದೇ ಬೆಳವಣಿಗೆ ಕ್ಯಾನ್ಸರ್ ಆಗುವುದನ್ನು ತೋರಿಸಿದರು. ವೈರಸ್ಸಿನಿಂದ ಸಸ್ತನಿಗಳಿಗೆ ಕ್ಯಾನ್ಸರ್ ಬರಬಲ್ಲದು ಎಂಬ ತಿಳಿವಳಿಕೆಗೆ ಅದು ಅಡಿಪಾಯ. ಅದೇ ಕುಟುಂಬದ ಮನುಷ್ಯರ ವೈರಸ್ ಎಚ್‌ಪಿವಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯಲು ನಿಮ್ಮ ಮಕ್ಕಳಿಗೆ ಇಲ್ಲಿನ ವೈದ್ಯರು ಹಾಕಿಸಲು ಹೇಳುವ ಲಸಿಕೆ ಅದರದ್ದೇ. ಹೋಟೆಲಿನ ಗೋಡೆಯ ತಮಾಷೆಗೂ ಆ ಲಸಿಕೆಗೂ ನಡುವೆ ನಿಂತಿರುವುದು ಬೇಟೆಗಾರರ ಮಾತನ್ನು ಕಿವಿಗೊಟ್ಟು ಕೇಳಿದ ಒಬ್ಬ ಮನುಷ್ಯ.

ಶಿಬಿರಕ್ಕೆ ಬರೋಣ. ಸ್ಕೌಟುಗಳಲ್ಲಿ ಇನ್ನೊಂದು ಹಳೆಯ ಚೇಷ್ಟೆ ಇದೆ. ಬೆಂಕಿಯ ಹೊಗೆ ಕಣ್ಣಿಗೆ ಬರುತ್ತಿದೆ, ಹೋಗಿ ಎಡಗೈಯವರ 'ಸ್ಮೋಕ್ ಶಿಫ್ಟರ್' ಇಸಕೊಂಡು ಬಾ ಎಂದು ಹೊಸ ಹುಡುಗನನ್ನು ಕಳಿಸುತ್ತಾರೆ. ಹೊಗೆ ಸರಿಸುವ ಅಂಥ ಸಾಧನವೇ ಇಲ್ಲ. ಪಕ್ಕದ ಡೇರೆಯವರು, "ಅಯ್ಯೋ, ನಮ್ಮ ಹತ್ತಿರ ಬಲಗೈಯದ್ದು ಮಾತ್ರ ಇದೆ, ಕೆರೆಯ ಹತ್ತಿರದವರನ್ನು ಕೇಳು" ಎನ್ನುತ್ತಾರೆ. ಅವರು ಅಡುಗೆಮನೆಗೆ ಕಳಿಸುತ್ತಾರೆ. ಹೀಗೆ ಸುತ್ತಿ ಬರುವಷ್ಟರಲ್ಲಿ ಹುಡುಗನಿಗೆ ಇಡೀ ಶಿಬಿರದ ದಾರಿ ಗೊತ್ತಾಗಿರುತ್ತದೆ, ಎಲ್ಲರಿಗೂ ಅವನ ಹೆಸರು ಗೊತ್ತಾಗಿರುತ್ತದೆ. ಸ್ನೈಪ್ ಬೇಟೆಗಿಂತ ನನಗೆ ಇದು ಮೇಲೆನಿಸುತ್ತದೆ, ಏಕೆಂದರೆ ಇದರಲ್ಲಿ ಮಗು ಹಗಲಿನಲ್ಲಿ, ಜನರ ನಡುವೆ ಓಡಾಡುತ್ತದೆ.

ದಕ್ಷಿಣದ ರಾಜ್ಯಗಳ ಜಿಂಕೆ ಬೇಟೆಗಾರರಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿಯನ್ನು ಕತ್ತರಿಸಿ, ಹೆಸರು ಬರೆದು, ಶಿಬಿರದ ಗೋಡೆಗೆ ಹೊಡೆಯುವ ಪದ್ಧತಿ ಇದೆ. ನಮ್ಮಲ್ಲಿ ಅನೇಕರಿಗೆ ಬೇಟೆಯೇ ಒಗ್ಗದ ವಿಷಯ, ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ಬಹುಮಟ್ಟಿಗೆ ನಿಷೇಧವೂ ಇದೆ. ಆದರೂ ಇದನ್ನು ಹೇಳುವುದು ಯಾಕೆಂದರೆ, ಆ ಗೋಡೆಯ ಮೇಲೆ ಹೊಸಬನ ತುಂಡಿನ ಪಕ್ಕದಲ್ಲೇ ಹಳಬರ ತುಂಡೂ ಇರುತ್ತದೆ. ಗುರಿ ತಪ್ಪಿದರೆ ಎಲ್ಲರ ಅಂಗಿಗೂ ಅದೇ ಕತ್ತರಿ.

ಕೀಟಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ನಾನು ನೋಡುವುದು ಇದನ್ನೇ. ಎಲ್ಲರೂ ಒಂದಲ್ಲ ಒಂದು ದಿನ ಚೀಲ ಹಿಡಿದವರೇ? ಹೋದ ವರ್ಷ ನಿಂತವನು ಈ ವರ್ಷ ಕರೆದುಕೊಂಡು ಹೋಗುವವನೇ? ಕೊನೆಯಲ್ಲಿ ಯಾರಾದರೂ ದೀಪ ಹಿಡಿದು ಹೋಗಿ ಹೆಗಲ ಮೇಲೆ ಕೈ ಹಾಕಿ ಕರೆತಂದರೇ? ಹಾಗಿದ್ದರೆ ಆ ರಾತ್ರಿಯಿಂದ ಮಗು ಗುಂಪಿನದ್ದು. ಬದಲಾಗಿ ಹೆಸರು ಬೇರೆ, ಬಣ್ಣ ಬೇರೆ, ಡಬ್ಬಿಯ ಊಟ ಬೇರೆ ಎಂಬ ಕಾರಣಕ್ಕೆ ಪ್ರತಿ ಸಲವೂ ಒಬ್ಬನನ್ನೇ ಆರಿಸಿದರೆ, ಅತ್ತ ಮೇಲೂ ಬಿಡದಿದ್ದರೆ, ಅದನ್ನು ತಮಾಷೆ ಎಂದು ನೀವು ಒಪ್ಪಬೇಡಿ. ಮಗುವಿಗೂ ಒಪ್ಪಲು ಹೇಳಬೇಡಿ. ಸ್ಕೌಟಿಂಗ್ ಅಮೆರಿಕ, ಅಂದರೆ 2025ರವರೆಗೆ ಬಾಯ್ ಸ್ಕೌಟ್ಸ್ ಎಂದು ಕರೆಯುತ್ತಿದ್ದ ಸಂಸ್ಥೆ, ಹೊಸಬರನ್ನು ಗೋಳುಹೊಯ್ದುಕೊಳ್ಳುವುದನ್ನು ತನ್ನ ನಿಯಮಗಳಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ಆ ನಿಯಮ ನಿಮ್ಮ ಬೆನ್ನಿಗಿದೆ. ಶಿಬಿರದ ಹಿರಿಯರ ಜೊತೆ ಮಾತಾಡಲು ಸಂಕೋಚಪಡಬೇಡಿ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಕೇಳಿದರು: "ಹಾಗಾದರೆ ಮಗಳಿಗೆ ಮೊದಲೇ ಹೇಳಿ ಕಳಿಸಲಾ ಸರ್? ಹೇಳಿದರೆ ಆಟದ ಮಜಾ ಹೋಗುವುದಿಲ್ವಾ?"

ಹೇಳಿ ಅಮ್ಮ, ಎಂದೆ. ಹಕ್ಕಿಯ ಚಿತ್ರ ತೋರಿಸಿ, ಅದು ನಿಜವೆಂದೂ ಹೇಳಿ, ಚೀಲದ ಕತೆಯನ್ನೂ ಹೇಳಿ. ಇಲ್ಲಿನ ಬೇರೆ ಮಕ್ಕಳಿಗೆ ಮನೆಯಲ್ಲಿ ಸಿಗುವುದು ಅವಳಿಗೂ ಸಿಗಲಿ. ಗೊತ್ತಿದ್ದೂ ಚೀಲ ಹಿಡಿದು ಹೋಗಬೇಕೋ, "ಸೂರ್ಯ ಮುಳುಗಿದ ಮೇಲೆ ಸ್ನೈಪ್ ಬೇಟೆಗೆ ಅನುಮತಿ ಇಲ್ಲ" ಎಂದು ಹೇಳಿ ಎಲ್ಲರನ್ನೂ ನಗಿಸಬೇಕೋ, ಅವಳೇ ತೀರ್ಮಾನಿಸುತ್ತಾಳೆ.

ಈ ಬೇಸಿಗೆ ಶಿಬಿರವೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳಲಿರುವ ಕಾಲೇಜು ಹುಡುಗನೊಬ್ಬ, ತಮ್ಮಲ್ಲಿ ಈ ಆಟ ಪೂರ್ತಿ ನಿಂತುಹೋಗುವುದು ತನಗಿಷ್ಟವಿಲ್ಲ, ಹೇಗೆ ಆಡಿಸಲಿ ಎಂದು ಕೇಳಿದ. ನಾನು ಹೇಳಿದ್ದು ಇಷ್ಟು: ಮೊದಲು ನಿಮ್ಮ ಶಿಬಿರದ ಹಿರಿಯರನ್ನು ಕೇಳು, ಅವರು ಬೇಡವೆಂದರೆ ಬೇಡ. ಸರಿ ಅಂದರೆ ಯಾರನ್ನೂ ಒಂಟಿಯಾಗಿ ನಿಲ್ಲಿಸಬೇಡ, ಹೊಸಬರೆಲ್ಲರೂ ಒಟ್ಟಿಗೆ ಹೋಗಲಿ, ಅವರ ಜೊತೆ ಒಬ್ಬ ಹಿರಿಯನೂ ಚೀಲ ಹಿಡಿದು ನಿಲ್ಲಲಿ. ನೀರು, ಕಮರಿ, ರಸ್ತೆ ಹತ್ತಿರ ಇರಬಾರದು. ಮಕ್ಕಳು ಬೆಚ್ಚಗೆ ಉಟ್ಟಿರಬೇಕು. ಯಾವ ಮಗು ಬರುವುದಿಲ್ಲ ಅಂದರೂ ಒತ್ತಾಯ ಮಾಡಬೇಡ. ಹತ್ತು ನಿಮಿಷದೊಳಗೆ ವಾಪಸು ಕರೆದುಬಿಡು. ಬೆಂಕಿಯ ಹತ್ತಿರ ಬಿಸಿ ಕೋಕೋ ಸಿದ್ಧವಿರಲಿ. ಆಮೇಲೆ ಫೋನಿನಲ್ಲಿ ಆ ಹಕ್ಕಿಯ ಬಾಲದ ಸದ್ದನ್ನು ಅವರಿಗೆ ಕೇಳಿಸು.